ಜಗದಾಂಬಾ ಮತ್ತೆ ಜೋಡಿಸಿಟ್ಟ ವೈರು

ಜಗದಾಂಬಾ ನಿವೃತ್ತಳಾದ ದಿನ ಭದ್ರಾವತಿಯ ನಮ್ಮ ಶಾಲೆಯಲ್ಲಿ ಸಮಾರಂಭ ಇಟ್ಟುಕೊಂಡಿದ್ದರು. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹೆಡ್ ಮಾಸ್ಟರು ಮೈಕಿನ ಮುಂದೆ ನಿಂತು, "ಜಗದಾಂಬಾ ಮೇಡಂ ಅವರದು ಭೂಮಿತಾಯಿಯ ಸಹನೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ನುಂಗಿದೆ. ಸಹನೆ ಇತ್ತು, ಇಲ್ಲವೆನ್ನುವುದಿಲ್ಲ. ಇಲಿಯ ಬಿಲದ ಮುಂದೆ ಕೂತ ಬೆಕ್ಕಿಗೂ ಸಹನೆ ಇರುತ್ತದೆ. ಆ ಸಹನೆಯನ್ನು ಹತ್ತಿರದಿಂದ ಕಂಡವಳು ನಾನೊಬ್ಬಳೇ. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾನು ಶಕುಂತಲಾ. ಅದೇ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ಅವಳು ವಿಜ್ಞಾನ. ಇಬ್ಬರ ಮನೆಯೂ ಶಿವಮೊಗ್ಗದ ಆಲ್ಕೊಳದಲ್ಲಿ, ಹಿಂದಿನ ಮುಂದಿನ ಬೀದಿ. ದಿನಾ ಭದ್ರಾವತಿಗೆ ಅವಳ ಮಾರುತಿ ಕಾರಿನಲ್ಲೇ ಹೋಗಿ ಬರುತ್ತಿದ್ದೆವು. ತೊಂಬತ್ತರ ದಶಕದಲ್ಲಿ ಹೆಂಗಸೊಬ್ಬಳು ಕಾರು ಓಡಿಸಿಕೊಂಡು ಹೊರಟರೆ ಮಲವಗೊಪ್ಪದ ಟೀ ಅಂಗಡಿಯಲ್ಲಿ ಗ್ಲಾಸು ಹಿಡಿದವರು ಕುಡಿಯುವುದನ್ನು ಮರೆತು ನೋಡುತ್ತಿದ್ದರು. ಜಗದಾಂಬಾ ಅತ್ತ ಕಣ್ಣೂ ಹಾಯಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನನಗೇ ಜಂಬ ಜಾಸ್ತಿ.

ಅವಳಿಗೆ ಕಾರು ಕಲಿಸಿದವರು ಅವಳ ಅಪ್ಪ ಚಂದ್ರಶೇಖರಪ್ಪ. ಭದ್ರಾವತಿಯ ಕಡೆ ಅವರದೊಂದು ಅಕ್ಕಿ ಗಿರಣಿ ಇತ್ತು. ಭತ್ತ ಒಣಗಿಸುವ ಕಣದಲ್ಲಿ, ರಾಶಿಗಳ ನಡುವೆ, ಹಳೆಯ ಅಂಬಾಸಿಡರ್ ಓಡಿಸುವುದನ್ನು ಅಭ್ಯಾಸ ಮಾಡಿಸಿದ್ದರು. ಚಕ್ರ ಭತ್ತದ ಮೇಲೆ ಹೋದರೆ ಇಳಿದು ಪೊರಕೆ ಹಿಡಿದು ರಾಶಿ ಸರಿ ಮಾಡಬೇಕು, ಅದು ಅವರ ಶಿಕ್ಷೆ. ಹಾಗೆ ಕಲಿತವಳ ಕೈ ಎಷ್ಟು ಹದವಾಗಿತ್ತೆಂದರೆ, ಅವಳು ಗೇರು ಬದಲಿಸಿದ್ದು ಕೂತವರಿಗೆ ತಿಳಿಯುತ್ತಿರಲಿಲ್ಲ. ಮಗಳು ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವುದನ್ನು ನೋಡಲಾರದೆ ಆ ಮಾರುತಿಯನ್ನು ಕೊಡಿಸಿದ್ದೂ ಅವರೇ. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆಯಲ್ಲ, ಮಗಳಿಗೆ ಕೊಡುವುದನ್ನೆಲ್ಲ ಅಳಿಯನ ಹೆಸರಿಗೆ ಕೊಡುವುದು. "ಹೆಣ್ಣುಮಕ್ಕಳ ಹೆಸರಿಗೆ ಗಾಡಿ ಮಾಡಿಸಿದ್ರೆ ಬೀಗರು ಏನಂದ್ಕೊತಾರೆ" ಎಂದು ಹಿರಿಯರು ಯಾರೋ ಹೇಳಿದರು. ಕಾರು ರುದ್ರೇಶನ ಹೆಸರಿಗೆ ಆಯಿತು. ಮಾರನೆಯ ವರ್ಷ ಚಂದ್ರಶೇಖರಪ್ಪ ತೀರಿಕೊಂಡರು. ಅವಳ ಪಾಲಿಗೆ ಅಪ್ಪನದು ಅಂತ ಉಳಿದದ್ದು ಆ ಕಾರೊಂದೇ, ಅದೂ ಗಂಡನ ಹೆಸರಿನಲ್ಲಿ.

ರುದ್ರೇಶ ಅವಳ ಗಂಡ. ಪೇಟೆಯಲ್ಲಿ ಗೊಬ್ಬರ, ಬಿತ್ತನೆ ಬೀಜ, ಅಡಿಕೆಗೆ ಹೊಡೆಯುವ ಮೈಲುತುತ್ತ ಮಾರುವ ಅಂಗಡಿ. ಕುಡಿತ, ಇಸ್ಪೀಟು ಯಾವುದೂ ಇಲ್ಲ. ಇದ್ದದ್ದು ಒಂದೇ ಚಟ, ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ ಎನ್ನುವುದು. ಗಿರಾಕಿಗಳ ಸ್ಪ್ರೇಯರ್ ಬಿಚ್ಚಿ ಜೋಡಿಸುತ್ತಿದ್ದ, ಒಂದೆರಡು ಸಲ ಪಂಪ್‌ಸೆಟ್ಟಿನ ಸ್ಟಾರ್ಟರ್ ಸರಿ ಮಾಡಿದ್ದ. ಅಷ್ಟಕ್ಕೇ ಕರೆಂಟು ತನ್ನ ಮನೆಯ ಆಳು ಎಂದು ತಿಳಿದುಬಿಟ್ಟಿದ್ದ. ಅವನ ಬಗ್ಗೆ ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಬೇಕೆಂದೇ ಬರೆಯುತ್ತಿದ್ದೇನೆ.

ಒಂದು ಬೇಸಿಗೆ ರಜದ ಕೊನೆಯಲ್ಲಿ ಅವನು ಬೆಂಗಳೂರಿಗೆ ಹೋದವನು ಕಾರಿಗೆಂದು ಸ್ಟೀರಿಯೊ ತಂದ. ಹಿಂದಿನ ಸೀಟಿನ ಬೆನ್ನಿಗೆ ಕೂರಿಸುವ ಎರಡು ದೊಡ್ಡ ಸ್ಪೀಕರು, ಮುಂದಿನ ಸೀಟಿನ ಕೆಳಗಿಡುವ ಇಟ್ಟಿಗೆಯಷ್ಟು ದಪ್ಪದ ಆಂಪ್ಲಿಫೈಯರ್ ಡಬ್ಬ. ಭದ್ರಾವತಿಯಲ್ಲಿ ಕಾರಿನ ವೈರಿಂಗ್ ಮಾಡುವವರು ಬೇಕಾದಷ್ಟು ಜನ ಇದ್ದರು. ಅವರಿಗೆ ಕೊಡಿ ಎಂದು ಜಗದಾಂಬಾ ಹೇಳಿದಳಂತೆ. "ಅವರ ಕೈಲಿ ಹಾಕ್ಸೋದಾದ್ರೆ ನಾನ್ಯಾಕಿದೀನಿ?" ಅಂದ. ಜೊತೆಗೆ ಬಂದ ಸಣ್ಣ ಪುಸ್ತಕವನ್ನು ಓದದೆ ಮೂಲೆಗೆಸೆದು, ಟೆಸ್ಟರು, ಕಟಿಂಗ್ ಪ್ಲೇಯರು ಹಿಡಿದು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಭಾನುವಾರವಿಡೀ ಮಲಗಿದ್ದ. ಎರಡು ಕಾಲು ಮಾತ್ರ ಬಾಗಿಲಾಚೆ ಕಾಣುತ್ತಿದ್ದವು. ಸಂಜೆ ಹಾಡು ಬಂತು. ಬೀದಿಯವರೆಲ್ಲ ಬಂದು ಭೇಷ್ ಅಂದರು.

ಹಾಡು ಬಂತು, ಸರಿ. ಅದರ ಜೊತೆ ಇನ್ನೇನೇನೋ ಬಂದವು. ಆಕ್ಸಿಲರೇಟರ್ ಒತ್ತಿದರೆ ಸ್ಪೀಕರಿನೊಳಗೆ ಸೊಳ್ಳೆ ಗುಂಯ್‌ಗುಡುತ್ತಿತ್ತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಾಡಿನ ಮಧ್ಯೆ ಟಿಕ್ ಟಿಕ್. ಒಮ್ಮೆ ಫ್ಯೂಸು ಹೋದಾಗ ರುದ್ರೇಶ ಯಾರದೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೂರಿಸಿದ. "ಇನ್ನು ಈ ಜನ್ಮದಲ್ಲಿ ಹೋಗಲ್ಲ" ಅಂದ. ಇದೆಲ್ಲ ನಕ್ಕು ಮರೆಯುವಂಥದ್ದು. ನಗಲಾಗದ್ದು ಶಾಲೆ ಶುರುವಾದ ಮೇಲೆ ಬಂತು. ಬೆಳಿಗ್ಗೆ ಹೊತ್ತು ಕಾರು ಸ್ಟಾರ್ಟ್ ಆಗುವುದನ್ನೇ ಬಿಟ್ಟಿತು.

ಬೀಗದ ಕೈ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಆಮೇಲೆ ಮೌನ. ಎದುರು ಮನೆಯ ಓಂಕಾರಪ್ಪ ಬನಿಯನ್ನಿನಲ್ಲೇ ಬಂದು ತಳ್ಳುತ್ತಿದ್ದರು. ಹಾಲಿನವನು ಮೊಪೆಡ್ ನಿಲ್ಲಿಸಿ ಕೈ ಹಾಕುತ್ತಿದ್ದ. ಸೀರೆ ಸೊಂಟಕ್ಕೆ ಸಿಕ್ಕಿಸಿ ನಾನೂ ತಳ್ಳಿದ್ದೇನೆ. ಹೀಗೆ ದಿನಾ ಬೀದಿ ಸೇರಿದಾಗ ರುದ್ರೇಶ ಲುಂಗಿ ಎತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ತಳ್ಳಲು ಅಲ್ಲ, ಭಾಷಣಕ್ಕೆ.

"ರಾತ್ರಿ ಲೈಟ್ ಆರಿಸ್ದೆ ಬಂದಿರ್ತಾಳೆ. ಬಾಗ್ಲು ಸರಿ ಹಾಕಿರಲ್ಲ. ನೋಡಿ ಓಂಕಾರಪ್ಪ, ಸಾಯಂಕಾಲ ನಾನು ಪೇಟೆಗೆ ತಗೊಂಡು ಹೋದ್ರೆ ಒಂದೇ ಸಲಕ್ಕೆ ಹೊರಡುತ್ತೆ. ಬೆಳಗ್ಗೆ ಇವಳು ಕೈ ಇಟ್ಲು ಅಂದ್ರೆ ಸತ್ತೋಗುತ್ತೆ. ಯಾರು ಕೂತಿದಾರೆ ಅಂತ ಗಾಡಿಗೂ ಗೊತ್ತಾಗುತ್ತೆ."

ಓಂಕಾರಪ್ಪ ಹಹ್ಹಹ್ಹ ಎನ್ನುತ್ತಿದ್ದರು. ಸಂಜೆ ಯಾಕೆ ಹೊರಡುತ್ತಿತ್ತು? ಜಗದಾಂಬಾ ಭದ್ರಾವತಿಯಿಂದ ಓಡಿಸಿಕೊಂಡು ಬಂದು ಬ್ಯಾಟರಿ ತುಂಬಿಸಿ ನಿಲ್ಲಿಸುತ್ತಿದ್ದಳು. ಆಗ ಯಾರು ತಿರುಗಿಸಿದರೂ ಹೊರಡುತ್ತಿತ್ತು. ಬೆಳಗಿನ ಸಾವು ಅವಳ ಪಾಲಿಗೆ, ಸಂಜೆಯ ಜೀವ ಅವನ ಪಾಲಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನುತ್ತಾರಲ್ಲ, ಇಲ್ಲಿ ನೆಲ ಡೊಂಕು ಮಾಡಿದವನೇ ಕುಣಿಯುವವಳನ್ನು ಬೈಯುತ್ತಿದ್ದ. ನನಗೆ ರಕ್ತ ಕುದಿಯುತ್ತಿತ್ತು. ಜಗದಾಂಬಾ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಅವನ ಬಾಯಿ ಮಿತಿ ಮೀರಿತು. ಕಾರು ತಳ್ಳಲು ಆ ದಿನ ಬೀದಿಯ ಇನ್ನಿಬ್ಬರು ಬಂದಿದ್ದರು. ಕೇಳುವ ಕಿವಿ ಹೆಚ್ಚಾದಷ್ಟೂ ಅವನಿಗೆ ಹುರುಪು.

"ಇವಳಪ್ಪ ಗಿರಣಿ ಕಣದಲ್ಲಿ ಡ್ರೈವಿಂಗ್ ಕಲಿಸಿದ್ದಂತೆ. ಆ ಮನುಷ್ಯಂಗೆ ಬುದ್ಧಿ ಇದ್ದಿದ್ರೆ ಎತ್ತಿನ ಗಾಡಿ ಕೊಡ್ತಿದ್ದ. ಎತ್ತಾದ್ರೆ ಹೆಂಗಸು ಹೊಡೆದ್ರೂ ತಾನಾಗೇ ಮನೆ ಸೇರುತ್ತೆ" ಅಂದ.

ಎಲ್ಲರೂ ನಕ್ಕರು. ಜಗದಾಂಬಾಳ ಕೈ ಸ್ಟೇರಿಂಗಿನ ಮೇಲಿತ್ತು. ಶಿವಮೊಗ್ಗ ದಾಟಿ, ಮಲವಗೊಪ್ಪ ದಾಟಿ, ಭದ್ರಾವತಿ ಮುಟ್ಟುವವರೆಗೆ ಅವಳು ಒಂದು ಮಾತೂ ಆಡಲಿಲ್ಲ. ನಾನಾದರೂ ಏನು ಹೇಳಲಿ? ಸತ್ತ ತಂದೆಯನ್ನು ಬೀದಿಗೆಳೆದವನಿಗೆ ಕನ್ನಡದಲ್ಲಿ ಇರುವ ಬೈಗುಳವೆಲ್ಲ ಮನಸ್ಸಿನಲ್ಲೇ ಬೈದು ಮುಗಿಸಿದೆ.

ಆ ಗಲಾಟೆಯಲ್ಲಿ ನನ್ನ ಊಟದ ಡಬ್ಬಿಯನ್ನು ಕಾರಿನ ಸೀಟಿನ ಕೆಳಗೇ ಮರೆತು ಪಾಠಕ್ಕೆ ಹೋಗಿಬಿಟ್ಟಿದ್ದೆ. ಮಧ್ಯಾಹ್ನ ಇಬ್ಬರೂ ಹೋಗಿ ತೆಗೆದೆವು. ಮುಚ್ಚಳ ಬಿಚ್ಚಿದರೆ ಮೊಸರನ್ನ ಹುಳಿ ಹುಳಿ ವಾಸನೆ. ಮೋಡ ಕವಿದ ತಣ್ಣನೆಯ ದಿನ, ಕಾರು ನಿಂತದ್ದು ಹೊಂಗೆ ಮರದಡಿ. ಆದರೂ ಡಬ್ಬಿ ಬೆಚ್ಚಗಿತ್ತು.

"ನಿನ್ನ ಗಂಡನ ಮಾತಿಗೆ ಮೊಸರೂ ಹುಳಿಯಾಯ್ತು ನೋಡು ಮಾರಾಯ್ತಿ" ಅಂದೆ.

ಜಗದಾಂಬಾ ನಗಲಿಲ್ಲ. ಡಬ್ಬಿ ಮುಟ್ಟಿ ನೋಡಿದಳು. ಆಮೇಲೆ ಬಗ್ಗಿ ಸೀಟಿನ ಕೆಳಗೆ ಕೈ ಹಾಕಿದಳು. ಆಂಪ್ಲಿಫೈಯರ್ ಡಬ್ಬ, ಬೆಕ್ಕು ಈಗ ತಾನೇ ಎದ್ದುಹೋದ ಜಾಗದ ಹಾಗೆ ಬಿಸಿಯಾಗಿತ್ತು. ಅದರ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ದೀಪ.

"ಬೀಗದ ಕೈ ನನ್ನ ಬ್ಯಾಗಲ್ಲಿದೆ. ಹಾಡು ಆಫ್ ಆಗಿದೆ. ಇದ್ಯಾಕೆ ಎಚ್ಚರ ಇದೆ?" ಎಂದು ತನಗೆ ತಾನೇ ಕೇಳಿಕೊಂಡಳು.

ಆಮೇಲೆ ಅವಳು ಮಾಡಿದ್ದು ತರಗತಿಯಲ್ಲಿ ಮಕ್ಕಳಿಗೆ ಪ್ರಯೋಗ ತೋರಿಸುವಾಗಿನ ಕೆಲಸ. ಡಬ್ಬದಿಂದ ಹೊರಟ ಒಂದೊಂದು ವೈರನ್ನೂ ಬೆರಳಲ್ಲಿ ಹಿಡಿದು, ಅದು ಹೋದ ದಾರಿಯಲ್ಲೇ ಹೋದಳು. ದಪ್ಪನೆಯವೆರಡು ಸರಿಯಾಗಿದ್ದವು. ತೆಳ್ಳನೆಯ ನೀಲಿ ವೈರೊಂದು ಸ್ಟೀರಿಯೊಗೆ ಹೋಗುವ ಬದಲು ಡ್ಯಾಶ್‌ಬೋರ್ಡಿನ ಮೇಲಿದ್ದ ಈಶ್ವರನ ಹತ್ತಿರ ಹೋಗಿತ್ತು.

ಆ ಈಶ್ವರನ ವಿಷಯ ಹೇಳಬೇಕು. ಕಾರು ಬಂದ ದಿನ ಅವಳ ಅತ್ತೆ ಪೂಜೆ ಮಾಡಿಸಿ ಅಂಗೈಯಗಲದ ಈಶ್ವರನನ್ನು ಅಲ್ಲಿ ಕೂರಿಸಿದ್ದರು. ಕಾಲ ಬಳಿ ಕಡಲೆಕಾಳಿನಷ್ಟು ಒಂದು ಕೆಂಪು ಬಲ್ಬು. "ನಮ್ಮ ದೇವರ ಮನೇಲಿ ನಂದಾದೀಪ ಆರಿದ್ದೇ ಇಲ್ಲ. ಇಲ್ಲೂ ಆರಬಾರದು. ಬೀಗದ ಕೈ ತೆಗೆದ್ರೂ ಉರೀಬೇಕು" ಅಂದಿದ್ದರು. ಹಾಗಾಗಿ ಅದಕ್ಕೆ ಬ್ಯಾಟರಿಯಿಂದಲೇ ನೇರ ವೈರು ಎಳೆಸಿದ್ದರು. ಅಷ್ಟು ಸಣ್ಣ ಬಲ್ಬು ದಿನವಿಡೀ ಉರಿದರೂ ಬ್ಯಾಟರಿಗೆ ಲೆಕ್ಕಕ್ಕಿಲ್ಲ, ವರ್ಷಗಟ್ಟಲೆ ಏನೂ ತೊಂದರೆ ಆಗಿರಲಿಲ್ಲ. ಆ ನೀಲಿ ವೈರಿನ ಕೆಲಸ ಆಂಪ್ಲಿಫೈಯರನ್ನು ಎಬ್ಬಿಸುವುದು, ಮಲಗಿಸುವುದು. ಸ್ಟೀರಿಯೊ ಹಾಕಿದಾಗ ಏಳು, ಆರಿಸಿದಾಗ ಮಲಗು ಎಂದು ಹೇಳುವುದು. ರುದ್ರೇಶ ಪುಸ್ತಕ ಓದಲಿಲ್ಲವಲ್ಲ, ಕರೆಂಟು ಬರುವ ವೈರು ಯಾವುದೆಂದು ಟೆಸ್ಟರು ಹಿಡಿದು ಹುಡುಕಿದ್ದಾನೆ. ಸಿಕ್ಕಿದ್ದು ದೇವರ ದೀಪದ ವೈರು. ಅದಕ್ಕೇ ಸುತ್ತಿ, ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿಬಿಟ್ಟಿದ್ದ. ಆ ದಿನದಿಂದ ಡಬ್ಬಕ್ಕೆ ನಿದ್ದೆಯೇ ಇಲ್ಲ. ಶಾಲೆಯ ಹೊತ್ತಿನಲ್ಲಿ ಕುಡಿದದ್ದರಿಂದ ಬ್ಯಾಟರಿ ಸಾಯುತ್ತಿರಲಿಲ್ಲ, ರಾತ್ರಿಯಿಡೀ ಸದ್ದಿಲ್ಲದೆ ಕುಡಿದರೆ ಬೆಳಗಿಗೆ ಖಾಲಿ. ದೇವರ ದೀಪವನ್ನು ಅನುಮಾನಿಸುವವರು ಆ ಮನೆಯಲ್ಲಿ ಯಾರಿದ್ದರು?

ಜಗದಾಂಬಾ ಪ್ಲಾಸ್ಟರ್ ಬಿಡಿಸಿ ನೀಲಿ ವೈರನ್ನು ಎಳೆದಳು. ಡಬ್ಬದ ಕೆಂಪು ಚುಕ್ಕೆ ಆರಿತು. ಈಶ್ವರನ ದೀಪ ಹಾಗೇ ಇತ್ತು.

"ಸಿಕ್ತಲ್ಲೇ! ಸಿಕ್ತು!" ಎಂದು ನಾನು ಕೈ ತಟ್ಟಿದೆ. "ಸಾಯಂಕಾಲ ಬೀದಿಯೋರನ್ನೆಲ್ಲ ಕರೆದು ತೋರಿಸೋಣ."

ಅವಳು ಆ ವೈರನ್ನು ಮತ್ತೆ ಅದೇ ಜಾಗಕ್ಕೆ ಸುತ್ತಿ, ಅದೇ ಪ್ಲಾಸ್ಟರ್ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು. ಕೆಂಪು ಚುಕ್ಕೆ ಮತ್ತೆ ಹತ್ತಿತು.

"ಏನೇ ಮಾಡ್ತಿದೀಯಾ?"

"ಇದ್ದ ಹಾಗೇ ಇಡ್ತಿದೀನಿ."

"ಹೇಳಲ್ವಾ ಅವರಿಗೆ?"

"ಹೇಳಿದ್ರೆ ಏನಾಗುತ್ತೆ ಅಂತ ನೀನೇ ಹೇಳು. ಸಾಯಂಕಾಲ ಯಾರೂ ಇಲ್ದಾಗ ತೆಗೀತಾರೆ. ನಾಳೆ ಓಂಕಾರಪ್ಪನ ಮುಂದೆ 'ನಾನೇ ಸರಿ ಮಾಡ್ದೆ' ಅಂತಾರೆ. ಇಷ್ಟು ದಿನ ನಾನು ಕೇಳಿಸಿಕೊಂಡಿದ್ದು? ನಮ್ಮಪ್ಪಂಗೆ ಅಂದಿದ್ದು?" ಅವಳ ದನಿ ಏರಲಿಲ್ಲ. "ನನಗೆ ಈ ಗಾಡಿ ಬೇಕು ಶಕುಂತಲಾ. ನನ್ನ ಹೆಸರಿಗೆ ಬೇಕು. ಕೇಳಿದ್ರೆ ಕೊಡೋ ಜನ ಅಲ್ಲ ಅದು. ಅವರ ಬಾಯಲ್ಲೇ ಬೇಡ ಅಂತ ಬರ್ಬೇಕು."

ಮಾಡಿದ್ದುಣ್ಣೋ ಮಹಾರಾಯ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಹುಳಿ ಮೊಸರನ್ನವನ್ನೇ ಪೂರ್ತಿ ತಿಂದೆ.

ವಿಜ್ಞಾನದ ಮೇಡಂ ಅಲ್ಲವೇ, ಖಾತ್ರಿ ಮಾಡಿಕೊಳ್ಳದೆ ಬಿಡುವವಳಲ್ಲ. ಒಂದು ಸಂಜೆ ವೈರು ಬಿಡಿಸಿಟ್ಟಳು, ಬೆಳಿಗ್ಗೆ ಕಾರು ತಕ್ಷಣ ಹೊರಟಿತು. ಮಾರನೆಯ ಸಂಜೆ ಜೋಡಿಸಿಟ್ಟಳು, ಬೆಳಿಗ್ಗೆ ಓಂಕಾರಪ್ಪ ಬನಿಯನ್ನಿನಲ್ಲಿ ಬಂದರು. ಅಷ್ಟಾದ ಮೇಲೆ ಬೀಗದ ಕೈಯನ್ನು ತಾನಾಗಿಯೇ ಗಂಡನ ಕೈಗೆ ಕೊಟ್ಟಳು.

"ನನ್ನ ಕೈಗುಣ ಸರಿ ಇಲ್ಲ ಅಂದ್ರಲ್ಲ. ನೀವೇ ಇಟ್ಕೊಳ್ಳಿ ರೀ. ನಾನು ಬಸ್ಸಲ್ಲಿ ಹೋಗ್ತೀನಿ."

ಅವನು ಬೀಗಿದ. ನಾವಿಬ್ಬರೂ ಬಸ್ಸಿನ ಕಂಬಿ ಹಿಡಿದು ಜೋತಾಡಿದೆವು. ಅವಳ ಸೇಡಿಗೆ ನನ್ನ ಸೊಂಟವೂ ಪಾಲು ಕೊಟ್ಟಿದೆ, ಇದನ್ನು ದಾಖಲಿಸಬೇಕು.

ಅಂಗಡಿಗೆ ಅವನು ಹೋಗುತ್ತಿದ್ದುದು ಸ್ಕೂಟರಿನಲ್ಲಿ. ಕಾರು ಶೆಡ್ಡಿನಲ್ಲೇ ನಿಲ್ಲತೊಡಗಿತು. ನಿಂತ ಕಾರಿನ ಬ್ಯಾಟರಿ ಮೊದಲಿಗಿಂತ ಬೇಗ ಸತ್ತಿತು. ಈಗ ಕೈ ಅವನದೇ, ಬೈಯುವುದು ಯಾರನ್ನು? "ಇವಳು ಕೆಡಿಸಿಟ್ಟಿದ್ದು ಸರಿಹೋಗೋಕೆ ಟೈಮ್ ಬೇಕು" ಅಂದ. ಬ್ಯಾಟರಿಗೆ ನೀರು ಹಾಕಿದ. ಫ್ಯೂಸಿನ ಬೆಳ್ಳಿ ಕಾಗದ ಬದಲಿಸಿದ. ಪೇಟೆಯಿಂದ ಮೆಕ್ಯಾನಿಕ್ ಒಬ್ಬನನ್ನು ಕರೆತಂದವನು, ಆತ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿದ ಕೂಡಲೇ, "ಅದನ್ನ ಮುಟ್ಬೇಡ, ಅದು ನಾನೇ ಹಾಕಿದ್ದು. ಬೇರೆ ಎಲ್ಲ ನೋಡು" ಅಂದ. ಆತ ಬೇರೆ ಎಲ್ಲ ನೋಡಿ, ಬೇರೆ ಎಲ್ಲ ಸರಿ ಇದೆ ಎಂದು ಹೇಳಿ ಹೋದ. ಕೊನೆಗೆ ರುದ್ರೇಶ ಹೊಸ ಬ್ಯಾಟರಿ ತಂದು ಹಾಕಿದ. ಕಾರು ಗರ್ಜಿಸಿಕೊಂಡು ಹೊರಟಿತು. ಬೀದಿಯ ಈ ತುದಿಯಿಂದ ಆ ತುದಿಗೆ ಹಾಡು ಹಾಕಿಕೊಂಡು ಓಡಾಡಿದ.

ಅದೇ ಉಮೇದಿನಲ್ಲಿ ಅವನು ಶ್ರಾವಣ ಸೋಮವಾರದ ಪಾದಪೂಜೆಗೆ ಸಿದ್ದಯ್ಯನವರನ್ನು ಕಾರಿನಲ್ಲೇ ಕರೆತರುತ್ತೇನೆಂದು ಸಾರಿದ. ಸಿದ್ದಯ್ಯನವರು ಹೊಳಲೂರಿನ ಜಂಗಮರು, ಆ ಮನೆತನದ ಗುರುಗಳು. ಶ್ರಾವಣದಲ್ಲಿ ಅವರು ಬಂದು, ಪಾದ ತೊಳೆಸಿಕೊಂಡು, ಪ್ರಸಾದ ಮಾಡಿದ ಮೇಲೆಯೇ ಮನೆಯವರ ಊಟ. ಅಲ್ಲಿಯವರೆಗೆ ಅವರದೂ ಉಪವಾಸ, ಮನೆಯವರದೂ ಉಪವಾಸ. ಪ್ರತಿ ವರ್ಷ ಅವರು ತಮ್ಮ ಪಾಡಿಗೆ ತಾವು ಬಸ್ಸಿನಲ್ಲಿ ಬಂದುಬಿಡುತ್ತಿದ್ದರು. ಈ ಸಲ ರುದ್ರೇಶ ಭಾನುವಾರವೇ ಕಾರು ತೊಳೆದು, ಹೂವಿನ ಹಾರ ಹಾಕಿ ಶೆಡ್ಡಿನಲ್ಲಿ ನಿಲ್ಲಿಸಿದ. ಸೋಮವಾರ ರೇಷ್ಮೆ ಸೀರೆಯುಟ್ಟ ತಾಯಿಯನ್ನು ಮುಂದೆ ಕೂರಿಸಿಕೊಂಡು ಹೊರಟ. ಇಂಜಿನ್ ಗೊಣಗಿಕೊಂಡೇ ಎದ್ದಿತು. ಅವನಿಗೆ ಅದು ಕೇಳಿಸಲಿಲ್ಲ, ಹಾಡಿನ ಅಬ್ಬರ ಅಷ್ಟಿತ್ತು.

ಆ ದಿನ ಶಾಲೆಗೆ ರಜೆ ಹಾಕಿ ನಾನು ಹೋಳಿಗೆಗೆ ಕಣಕ ನಾದಲು ಹೋಗಿದ್ದೆ. ಅಡುಗೆಮನೆಯ ಕಿಟಕಿಯಿಂದ ಇಬ್ಬರೂ ಕಾರು ಹೋದದ್ದನ್ನು ನೋಡಿದೆವು.

"ಹೊರಡ್ತಲ್ಲೇ" ಎಂದೆ, ನಿರಾಸೆಯಿಂದ.

"ಹೊಸ ಬ್ಯಾಟರಿ, ಹೋಗೋ ತನಕ ಹೋಗುತ್ತೆ" ಅಂದಳು ಜಗದಾಂಬಾ, ಹೂರಣ ಉಂಡೆ ಕಟ್ಟುತ್ತಾ. "ಅಯ್ಯನೋರ ಲಿಂಗಪೂಜೆ ಮುಗಿಯೋಕೆ ಹೊತ್ತಾಗುತ್ತೆ. ಅಷ್ಟು ಹೊತ್ತು ಇವರು ಹಾಡು ಹಾಕದೆ ಸುಮ್ಮನೆ ಇರ್ತಾರಾ? ಊರಿಗೆಲ್ಲ ಕೇಳಿಸ್ಬೇಕಲ್ಲ."

ಅವಳು ಗಂಡನನ್ನು ಆ ಡಬ್ಬಕ್ಕಿಂತ ಚೆನ್ನಾಗಿ ಓದಿದ್ದಳು. ಹೊತ್ತು ಏರಿತು. ನೆಂಟರು ಬಂದರು, ಚಾಪೆ ತುಂಬಿತು, ಹಸಿದ ಮಕ್ಕಳು ಅಳತೊಡಗಿದವು. ರುದ್ರೇಶನ ದೊಡ್ಡಪ್ಪ ರಾಮಚಂದ್ರಪ್ಪ ನಾಲ್ಕಾರು ಸಲ ಗೇಟಿಗೆ ಹೋಗಿ ಬಂದರು. ಮಧ್ಯಾಹ್ನ ಕಳೆದ ಮೇಲೆ ಗೇಟಿನಲ್ಲಿ ಒಂದು ಮೊಪೆಡ್ ನಿಂತಿತು. ಹಿಂದೆ, ಖಾಲಿ ಹಾಲಿನ ಕ್ಯಾನುಗಳ ನಡುವೆ, ಕಾವಿ ಪಂಚೆ ಮಂಡಿಗೇರಿಸಿಕೊಂಡು ಸಿದ್ದಯ್ಯನವರು ಕೂತಿದ್ದರು. ಮುಖದ ಮೇಲಿನ ವಿಭೂತಿ ಬೆವರಿಗೆ ಇಳಿದಿತ್ತು. ಅವರು ಇಳಿದು ಸೊಂಟ ಹಿಡಿದುಕೊಂಡು, "ಶಿವಾ" ಎಂದು ಚಾವಡಿಯಲ್ಲಿ ಕೂತರು.

ನಡೆದದ್ದು ಅವರ ಬಾಯಿಂದಲೇ ಗೊತ್ತಾಯಿತು. ಹೊಳಲೂರಿನಲ್ಲಿ ಕಾರು ಸತ್ತೇಹೋಗಿತ್ತು. ರುದ್ರೇಶ ಅವರನ್ನು ಇಳಿಯಗೊಡದೆ, ಅವರನ್ನೂ ತಾಯಿಯನ್ನೂ ಒಳಗೆ ಕೂರಿಸಿಯೇ, ಊರಿನವರ ಕೈಲಿ ಬೀದಿಯುದ್ದ ತಳ್ಳಿಸಿದ್ದ. ಕಾರು ಕೆಮ್ಮಲೂ ಇಲ್ಲ. ಯಾರೋ, "ಇದರ ಬದಲು ಅಯ್ಯನೋರನ್ನೇ ಹೊತ್ಕೊಂಡು ಹೋಗ್ಬಹುದಿತ್ತು" ಎಂದರಂತೆ. ಬಸ್ಸಿಗೆ ಕಾದರೆ ಇನ್ನೂ ಹೊತ್ತಾಗುತ್ತದೆಂದು ಹಾಲು ಹಾಕುವವನೊಬ್ಬ ಅವರನ್ನು ಮೊಪೆಡ್ಡಿಗೆ ಹತ್ತಿಸಿಕೊಂಡಿದ್ದ.

ತಾಯಿ ಮಗ ಬಸ್ಸಿಳಿದು ಬಂದಾಗ ಅತ್ತೆಯ ರೇಷ್ಮೆ ಸೀರೆ ಮುದ್ದೆಯಾಗಿತ್ತು. ರುದ್ರೇಶನ ಅಂಗಿ ಬೆನ್ನಿಗಂಟಿತ್ತು. ರಾಮಚಂದ್ರಪ್ಪ ಕೇಳಿಯೇಬಿಟ್ಟರು.

"ಏನಯ್ಯಾ, ನಿನ್ನೆ ಓಡಿಸಿದ್ದು ಯಾರು? ಜಗದಾಂಬಾ ಲೈಟ್ ಆರಿಸಿರಲಿಲ್ವೋ?"

ನೆಂಟರು ಕಿಸಕ್ಕೆಂದರು. ಆಷಾಢದಿಂದ ಆ ಕಾರನ್ನು ಜಗದಾಂಬಾ ಮುಟ್ಟಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ರುದ್ರೇಶನ ಮುಖ ಕಪ್ಪಿಟ್ಟಿತು. ಕೈಲಾಗದವನು ಮೈ ಪರಚಿಕೊಂಡ ಎಂಬಂತೆ ಹೆಂಡತಿಯ ಕಡೆ ತಿರುಗಿದ.

"ನಿನ್ನಪ್ಪ ಕೊಟ್ಟ ದರಿದ್ರ ಗಾಡಿ! ನನಗೆ ಬೇಡ. ನಾನು ಇನ್ನು ಮುಟ್ಟಲ್ಲ. ನೀನೇ ಇಟ್ಕೊಂಡು ಸಾಯಿ!"

ಜಗದಾಂಬಾಳ ಕೈಯಲ್ಲಿ ಪಾದ ತೊಳೆಯಲು ತಂದ ನೀರಿನ ತಂಬಿಗೆ ಇತ್ತು. ಅವಳು ಅದನ್ನು ಸಿದ್ದಯ್ಯನವರ ಪಾದದ ಬಳಿ ಇಟ್ಟಳು.

"ಅಯ್ಯನೋರೇ, ಗಾಡಿ ಇವರ ಹೆಸರಲ್ಲಿದೆ. ಬೇಡ ಅಂತಿದಾರೆ. ನನಗೇ ಇಟ್ಕೋ ಅಂತಿದಾರೆ. ಹಾಗಾದ್ರೆ ನನ್ನ ಹೆಸರಿಗೆ ಮಾಡಿಸಿಕೊಡ್ಲಿ. ನಿಮ್ಮ ಪಾದದ ಮುಂದೆ ಆಡಿದ ಮಾತು."

ಜಂಗಮನ ಪಾದದ ಮುಂದೆ ಆಡಿದ ಮಾತನ್ನು ಆ ಮನೆತನದಲ್ಲಿ ಯಾರೂ ಹಿಂದೆ ತೆಗೆದುಕೊಂಡದ್ದಿಲ್ಲ. ಸಿದ್ದಯ್ಯನವರು ಸೊಂಟ ನೀವಿಕೊಳ್ಳುತ್ತಾ ರುದ್ರೇಶನನ್ನು ನೋಡಿದರು.

"ಏನಪ್ಪಾ, ಆಡಿದ್ದು ನಿಜ ತಾನೇ?"

ಅವನು ಉತ್ತರಿಸುವ ಮೊದಲೇ ಅವನ ತಾಯಿ, "ಆಡಿದ್ದಾನೆ. ನಡೆಸ್ತಾನೆ. ನಾನೂ ಕೇಳಿಸ್ಕೊಂಡಿದೀನಿ" ಎಂದರು. ಬಸ್ಸಿನಲ್ಲಿ ಪೂಜೆಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಬಂದ ಸಿಟ್ಟು ಅವರಿಗೆ ಇನ್ನೂ ಇಳಿದಿರಲಿಲ್ಲ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಅವನು ಆರ್.ಟಿ.ಓ. ಆಫೀಸಿಗೆ ಹೋಗಿ ಸಹಿ ಹಾಕಿದ. ಅಷ್ಟೇನೂ ಬೇಸರದಿಂದ ಹಾಕಲಿಲ್ಲ. ಕೆಟ್ಟು ನಿಂತ ಗಾಡಿಯನ್ನು ಇವಳೇನು ಮಾಡಿಯಾಳು ಎಂಬ ಧೈರ್ಯ. "ತಗೋ, ಅಂಗಳದಲ್ಲಿ ಇಟ್ಕೊಂಡು ಸುತ್ತ ರಂಗೋಲಿ ಹಾಕು" ಅಂದನಂತೆ.

ಹೆಸರು ಬದಲಾದ ಆರ್.ಸಿ. ಪುಸ್ತಕ ಕೈಗೆ ಬಂದ ಮೇಲೆ ಅವಳು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದಳು. ಮಾರನೆಯ ದಿನ ಬೇಗ ಬಾ ಎಂದು ನನಗೆ ಹೇಳಿ ಕಳಿಸಿದಳು. ನಾನು ಹೋಗುವ ಹೊತ್ತಿಗೆ ಅತ್ತೆ ಎಂದಿನಂತೆ ಈಶ್ವರನಿಗೆ ಹೂವು ಇಡುತ್ತಿದ್ದರು, ದೀಪ ಉರಿಯುತ್ತಿತ್ತು. ಜಗದಾಂಬಾ ಸ್ಟೇರಿಂಗಿನ ಮುಂದೆ ಕೂತಿದ್ದಳು. ರುದ್ರೇಶ ಲುಂಗಿ ಎತ್ತಿ ಕಟ್ಟಿ ಬಾಗಿಲಲ್ಲಿ ನಿಂತಿದ್ದ.

"ಬನ್ನಿ ಓಂಕಾರಪ್ಪ, ತಳ್ಳೋದಿದೆ!" ಎಂದು ಎದುರು ಮನೆಗೆ ಕೂಗಿ ಹೇಳಿದ.

ಓಂಕಾರಪ್ಪ ಬನಿಯನ್ನಿನಲ್ಲಿ ಬಂದರು. ಹಾಲಿನವನೂ ಮೊಪೆಡ್ ನಿಲ್ಲಿಸಿದ. ಜಗದಾಂಬಾ ಬೀಗದ ಕೈ ತಿರುಗಿಸಿದಳು. ಕಾರು ಒಂದೇ ಸಲಕ್ಕೆ ಹೊರಟಿತು. ಓಂಕಾರಪ್ಪ ಚಾಚಿದ ಕೈ ಹಾಗೇ ಹಿಡಿದು ನಿಂತರು.

ರುದ್ರೇಶ ಮೆಟ್ಟಿಲಿಳಿದು ಕಿಟಕಿಯ ಹತ್ತಿರ ಬಂದ. "ಏನು ಮಾಡ್ದೆ?"

ಅವಳು ಬ್ಯಾಗಿನಿಂದ ಒಂದು ಗೇಣುದ್ದದ ನೀಲಿ ವೈರು ತೆಗೆದು ಅವನ ಅಂಗೈಯಲ್ಲಿಟ್ಟಳು. ತುದಿಯಲ್ಲಿ ಪ್ಲಾಸ್ಟರ್ ಇನ್ನೂ ಅಂಟಿಕೊಂಡಿತ್ತು. "ಇದು ನಿಮ್ದು. ದೇವರ ದೀಪಕ್ಕೆ ಕಟ್ಟಿದ್ರಿ. ಆ ಡಬ್ಬ ರಾತ್ರಿಯೆಲ್ಲ ಎಚ್ಚರ ಇರ್ತಿತ್ತು."

ಅವನು ವೈರನ್ನು ನೋಡಿದ, ಈಶ್ವರನನ್ನು ನೋಡಿದ, ಸೀಟಿನ ಕೆಳಗೆ ನೋಡಿದ. ಅರ್ಥವಾಯಿತು. ದಡ್ಡನಲ್ಲ ಅವನು.

"ಇದು ಯಾವಾಗ ಗೊತ್ತಾಯ್ತು ನಿಂಗೆ?"

"ಆಷಾಢದಲ್ಲಿ."

ಆಷಾಢದ ಮುಂದೆ ಶ್ರಾವಣ. ಅವನ ಮನಸ್ಸು ಅಲ್ಲಿಗೆ ಹೋದದ್ದು ಮುಖದಲ್ಲೇ ಕಂಡಿತು. ಹೊಳಲೂರಿನ ಬೀದಿ, ಹಾಲಿನ ಕ್ಯಾನುಗಳ ನಡುವೆ ಅಯ್ಯನವರು, ದೊಡ್ಡಪ್ಪನ ಪ್ರಶ್ನೆ, ನೆಂಟರ ನಗು, ಆರ್.ಟಿ.ಓ. ಆಫೀಸಿನಲ್ಲಿ ಹಾಕಿದ ಸಹಿ, ಎಲ್ಲ ಒಂದೊಂದಾಗಿ ಬಂದು ನಿಂತಿರಬೇಕು.

"ಅಷ್ಟು ಜನರ ಮುಂದೆ... ಅಮ್ಮನ ಮುಂದೆ, ಅಯ್ಯನೋರ ಮುಂದೆ ನನ್ನ ಮಾನ ಹೋಗ್ತಿದ್ರೆ, ಗೊತ್ತಿದ್ದೂ ಸುಮ್ನಿದ್ಯಾ?"

ಜಗದಾಂಬಾ ಅವನ ಕಣ್ಣನ್ನೇ ನೋಡಿದಳು. ಓಂಕಾರಪ್ಪನಿಗೂ ಹಾಲಿನವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ನೀವು ಇದೇ ಬೀದೀಲಿ ನನ್ನನ್ನ, ನಮ್ಮಪ್ಪನ್ನ ಬೈದಾಗೆಲ್ಲ ಸುಮ್ನಿದ್ನಲ್ಲ. ಸುಮ್ನಿರೋದು ಅಭ್ಯಾಸ ಆಗೋಗಿತ್ತು."

ಗೇರು ಹಾಕಿದಳು. ಯಾವಾಗ ಹಾಕಿದಳೆಂದು ನನಗೆ ತಿಳಿಯಲೇ ಇಲ್ಲ. ನಾವು ಭದ್ರಾವತಿಗೆ ಹೊರಟೆವು.